ಆಮೆಯ ತೊಟ್ಟಿಗೆ ಸುರಿದ ನಿರ್ಮಾಲ್ಯ

ಗಿರಿಜಕ್ಕ, ಆ ಆಮೆಮರಿಗಳು ಸತ್ತದ್ದು ನೀವು ಬೆಳೆದ ಸೊಪ್ಪಿನಿಂದಲ್ಲ. ನನ್ನಿಂದ. ಇಷ್ಟು ವರ್ಷ ಇದು ನನಗೊಬ್ಬಳಿಗೇ ಗೊತ್ತಿತ್ತು—ಇನ್ನು ಹಾಗಿರಲು ಬಿಡುವುದಿಲ್ಲ.

ನೆನಪಿದೆಯಲ್ಲ, ನನ್ನವರು ಪಾರ್ಕ್ ರಾಯಲ್‌ನ ಫ್ಯಾಕ್ಟರಿ ಕೆಲಸ ಬಿಟ್ಟು, ಹ್ಯಾರೋ ಆಚೆ ಒಂದು ಹಳೆಯ ಗಾಜಿನ ಮನೆ ಬಾಡಿಗೆಗೆ ಹಿಡಿದು, ಆಮೆ ಸಾಕಿ ಮಾರುತ್ತೇನೆಂದು ಹೊರಟಾಗ ಕೆಂಟನ್ನಿನ ನಮ್ಮ ಕನ್ನಡದವರೆಲ್ಲ ನಕ್ಕರು. ನೀವೊಬ್ಬರೇ ನಗಲಿಲ್ಲ. ಡಾಕ್ಟರಾಗಿದ್ದ ನಿಮ್ಮ ಯಜಮಾನರು ತೀರಿಕೊಂಡ ಮೇಲೆ ಮನೆಯಿಂದ ಹೊರಗೇ ಬಾರದಿದ್ದ ನೀವು, ದಿನಾ ಬಸ್ಸು ಹಿಡಿದು ಬಂದು ಅಲ್ಲಿ ಟಬ್ಬುಗಳಲ್ಲಿ ಡಕ್‌ವೀಡ್ ಬೆಳೆಸಿದಿರಿ. ನೀರಿನ ಮೇಲೆ ತೇಲುವ ಆ ಸಣ್ಣೆಲೆಯ ಸೊಪ್ಪನ್ನು ಜರಡಿಯಲ್ಲಿ ಎತ್ತಿ, ತೊಳೆದು, ಮನೆಗೆ ಬಂದ ನೆಂಟರಿಗೆ ಬಡಿಸಿದ ಹಾಗೆ ಆಮೆಗಳಿಗೆ ಬಡಿಸುತ್ತಿದ್ದಿರಿ. ನಿಮ್ಮ ಮುಖಕ್ಕೆ ಮತ್ತೆ ಕಳೆ ಬಂದದ್ದು ಆ ಟಬ್ಬುಗಳ ಮುಂದೆ.

ನನಗೋ ನಿರ್ಮಾಲ್ಯದ ಚಿಂತೆ. ದೇವರಿಗೆ ಏರಿಸಿ ತೆಗೆದ ಹೂವನ್ನು ಇಲ್ಲಿನ ಕೌನ್ಸಿಲ್ಲಿನ ಕಸದ ಬಿನ್ನಿಗೆ ಹಾಕಲು ಕೈ ಬರುತ್ತಿರಲಿಲ್ಲ. ಕುಂದಾಪುರದಲ್ಲಾದರೆ ಹೊಳೆ ಇತ್ತು. ಒಂದು ಶನಿವಾರ ನೀವೆಲ್ಲ ಹೊರಟ ಮೇಲೆ ವಾರದ ಹೂವನ್ನೆಲ್ಲ—ಸೂಪರ್‌ಮಾರ್ಕೆಟ್ಟಿನ ಸೇವಂತಿಗೆ, ಎಂಥ ಔಷಧಿ ಹೊಡೆದದ್ದೋ—ಮರಿಗಳ ತೊಟ್ಟಿಗೆ ಸುರಿದೆ. ಕೂರ್ಮಾವತಾರವೇ ಇರುವ ನೀರು, ಇದಕ್ಕಿಂತ ಒಳ್ಳೆಯ ಜಾಗ ಯಾವುದು ಅಂದುಕೊಂಡೆ. ನನ್ನ ಜಾಣತನ ನೋಡಿ.

ಮರಿಗಳು ಎಸಳು ತಿಂದವು. ಸೋಮವಾರ ನೋಡಿದರೆ ಕತ್ತು ಜೋತುಬಿದ್ದು ತೇಲುತ್ತಿದ್ದವು. ನನ್ನವರು ಪಶುವೈದ್ಯೆಗೆ ಫೋನ್ ಮಾಡಲು ಹೊರಗೆ ಹೋದಾಗ, ಯಾರ ಕಣ್ಣಿಗೂ ಬೀಳದೆ ಸೊಪ್ಪಿನಡಿ ಉಳಿದಿದ್ದ ಎಸಳುಗಳನ್ನೆಲ್ಲ ಬಳಿದು ಕೋಟಿನ ಜೇಬಿಗೆ ತುಂಬಿಕೊಂಡೆ. ಅಲ್ಲಿಯವರೆಗೆ ತಿಳಿಯದೆ ಮಾಡಿದೆ—ಇದನ್ನು ತಿಳಿದೇ ಮಾಡಿದೆ.

ತಿಂದದ್ದರಲ್ಲಿ ಏನೋ ವಿಷವಿತ್ತೆಂದು ಪಶುವೈದ್ಯೆ ಬಂದು ನೋಡಿ ಹೇಳಿದಳು. ತಿನ್ನಿಸುತ್ತಿದ್ದವರು ನೀವು. ಯಾರೂ ನಿಮ್ಮನ್ನು ದೂರಲಿಲ್ಲ, ಆದರೆ ನೀವು ನನ್ನ ಕೈ ಹಿಡಿದು ಕೇಳಿದಿರಿ:

"ಸುಮಾ, ನನ್ನ ಸೊಪ್ಪಿನಿಂದನ ಹಿಂಗಾತೇನ?"

"ಇರಬಹುದು ಅಕ್ಕಾ," ಅಂದೆ.

ಅವತ್ತೇ ನೀವು ಟಬ್ಬುಗಳನ್ನೆಲ್ಲ ಬೋರಲು ಹಾಕಿ ಹೋದಿರಿ. ನನ್ನವರು ಎಷ್ಟು ಕರೆದರೂ ಬರಲಿಲ್ಲ. ನಾನು ಕರೆಯಲೇ ಇಲ್ಲ—ಬಂದರೆ ನಿಮ್ಮ ಮುಖ ನೋಡಬೇಕಲ್ಲ.

ಮೊನ್ನೆ ಕ್ವೀನ್ಸ್‌ಬರಿಯ ತರಕಾರಿ ಅಂಗಡಿಯಲ್ಲಿ ಸಿಕ್ಕಿದಿರಿ. ಒಂದೇ ಒಂದು ಆಮೆ ಸಾಕೋಣವೆಂದು ನಿಮ್ಮ ಮೊಮ್ಮಗಳು ಇಂಗ್ಲಿಷಿನಲ್ಲಿ ಗೋಗರೆಯುತ್ತಿದ್ದಳು. "ಬ್ಯಾಡವಾ, ನನ್ನ ಕೈಗುಣ ಛಲೋ ಇಲ್ಲ," ಅಂದು, ಸಾಕ್ಷಿಗೆ ಕರೆದ ಹಾಗೆ ನನ್ನ ಕಡೆ ನೋಡಿದಿರಿ. ನಾನು ಕೊತ್ತಂಬರಿ ಆರಿಸುತ್ತಾ ನಿಂತೆ. ಇಷ್ಟು ಕಾಲ ನೀವು ಅದನ್ನು ನಂಬಿಕೊಂಡೇ—ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ನಿನ್ನೆ ನನ್ನವರಿಗೆ ಹೇಳಿದೆ. ಈಗ ಯಾಕೆ ಕೆದಕುವುದು, ಸುಮ್ಮನಿರು ಅಂದರು. ಸುಮ್ಮನಿದ್ದೇ ಇಷ್ಟಾಯಿತು. ಭಾನುವಾರ ನಿಮ್ಮ ಮನೆಗೆ ಬರುತ್ತೇನೆ. ನಿಮ್ಮೆದುರು ಕೂತು, ಮೊಮ್ಮಗಳೂ ಕೇಳುವಂತೆ, ಅವಳಿಗೆ ಅರ್ಥವಾಗದಿದ್ದರೆ ಇಂಗ್ಲಿಷಿನಲ್ಲಿ ಇನ್ನೊಮ್ಮೆ—ಅಜ್ಜಿಯ ಕೈಗುಣಕ್ಕೆ ಏನೂ ಆಗಿಲ್ಲ, ಸುಳ್ಳು ಹೇಳಿದವಳು ನಾನು ಎಂದು ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಕ್ಷಮೆ ಮಾತ್ರ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ.