ಕೋಟುಗಳ ಹಿಂದಿನ ಬಕೆಟ್

ಅತ್ತೆ ಅತಿಥಿಗಳಿಗೆ ಕಾಫಿ ಕೊಡುತ್ತಿದ್ದಾಗ ಕೋಟುಗಳ ಅಲಮಾರಿಯಿಂದ ‘ಗುಳುಕ್’ ಎಂಬ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಚಕ್ಕುಲಿ ತಟ್ಟೆ ಹಿಡಿದಿದ್ದ ನಾನು ನಿಂತಲ್ಲೇ ನಿಂತೆ.

ಒಳಗಿದ್ದದ್ದು ಸ್ಟೌಟ್ ಎಂಬ ಕಪ್ಪು ಬಿಯರ್. ಮನೆಯಲ್ಲೇ ಬಿಯರ್ ಮಾಡುವ ಕಿಟ್ ತಂದು ನಾನೇ ಬಕೆಟ್ಟಿನಲ್ಲಿ ಹುದುಗಲು ಇಟ್ಟಿದ್ದೆ. ಮೈಸೂರಿನಿಂದ ಕೆನಡಾದ ಮಿಸಿಸಾಗಕ್ಕೆ ಬಂದಿದ್ದ ಅತ್ತೆಗೆ ತಿಳಿಯದಿರಲೆಂದು ಕೋಟುಗಳ ಹಿಂದೆ ಬಚ್ಚಿಟ್ಟಿದ್ದೆ. ಚಳಿಗೆ ಗುಳ್ಳೆ ಏಳುವುದು ನಿಂತು, ಅದು ಕೆಟ್ಟಿತೆಂದೇ ಅಂದುಕೊಂಡಿದ್ದೆ.

“ಪೈಪ್ ಲೀಕ್ ಆಗ್ತಿದ್ಯೇನ್ರೀ? ನೋಡ್ಲಾ?” ಪಕ್ಕದ ಮನೆಯ ಶಾಮಲಾ ಎದ್ದೇಬಿಟ್ಟರು.

“ಕೂತ್ಕೊಳ್ರೀ. ನಮ್ಮ ಹುಡುಗಿ ಏನೋ ಹುದುಗೋಕೆ ಇಟ್ಟಿದಾಳೆ. ಈ ಚಳೀಲಿ ಇಡ್ಲಿ ಹಿಟ್ಟಂತೂ ಉಬ್ಬಲ್ಲ, ಅದಾದ್ರೂ ಉಬ್ಬಲಿ,” ಎಂದರು ಅತ್ತೆ. ಮಾತು ಹಿಟ್ಟನ್ನು ಓವನ್ನಿನಲ್ಲಿಡುವ ಉಪಾಯಗಳತ್ತ ಹೊರಳಿತು.

ಎಲ್ಲರೂ ಹೋದ ಮೇಲೆ ಅಲಮಾರಿ ತೆರೆದರೆ, ಬಕೆಟ್ಟಿಗೆ ಅತ್ತೆಯ ಕಂದು ಶಾಲು ಸುತ್ತಿತ್ತು.

“ನಿನ್ನೆ ಕೋಟು ತೆಗೆಯೋವಾಗ ಮುಟ್ಟಿದೆ, ತಣ್ಣಗಿತ್ತು ಪಾಪ,” ಎಂದರು ಹಿಂದಿನಿಂದ. “ಬಿಯರ್ ಅಂತ ಬಕೆಟ್ ಮೇಲೇ ಬರೆದಿದೆಯಲ್ಲೇ. ನಂಗೂ ಇಂಗ್ಲಿಷ್ ಓದಕ್ಕೆ ಬರತ್ತೆ.”

ನಾನು ಶಾಲನ್ನು ಸರಿಯಾಗಿ ಹೊದಿಸಿ ಅಲಮಾರಿ ಮುಚ್ಚಿದೆ.

ಸ್ಟೌಟ್ ಹದಕ್ಕೆ ಬಂದಾಗ ಗ್ಲಾಸನ್ನು ಓರೆ ಹಿಡಿದು ಅತ್ತೆಯ ಎದುರೇ ಸುರಿದೆ. ಕಂದು ನೊರೆ ಚೆನ್ನಾಗಿ ನಿಂತಿತು. ಅವರು ಕುಡಿಯಲಿಲ್ಲ, ಮೂಸಿ ನೋಡಿ, “ಡಿಕಾಕ್ಷನ್ ಸ್ವಲ್ಪ ಸೀದಿದೆ,” ಎಂದರು. ಮುಂದಿನ ಬಕೆಟ್ ಈಗ ಅಡುಗೆಮನೆಯಲ್ಲಿ, ಅವರ ಹಿಟ್ಟಿನ ಪಾತ್ರೆಯ ಪಕ್ಕದಲ್ಲಿ, ಅದೇ ಶಾಲು ಹೊದ್ದು ಕುಳಿತಿದೆ.