ಇಂದಿರಾಪುರಂನ ಕ್ರಿಸ್‌ಮಸ್ ನಾಟಕ ಮತ್ತು ಪದ್ಮಾ ಟೀಚರ್

ದೆಹಲಿಯ ಸುತ್ತಣ ಶಾಲೆಗಳಲ್ಲಿ ಮಕ್ಕಳ ರಂಗಭೂಮಿಗಾಗಿ ದುಡಿದ ಕನ್ನಡಿಗರಲ್ಲಿ ಶ್ರೀಮತಿ ಪದ್ಮಾ ಏಕನಾಥ ಅವರ ಹೆಸರು ಗೌರವದಿಂದ ನೆನೆಯತಕ್ಕದ್ದು. ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನಿಂದ ಎರಡು ಬಸ್ಸು ಬದಲಿಸಿ ಘಾಜಿಯಾಬಾದಿನ ಶಾಲೆಯೊಂದಕ್ಕೆ ಸಂಗೀತ ಶಿಕ್ಷಕಿಯಾಗಿ ಬಂದ ಅವರು, ಇಪ್ಪತ್ತೆಂಟು ವರ್ಷ ಪ್ರತಿ ಡಿಸೆಂಬರಿನಲ್ಲೂ ಕ್ರಿಸ್‌ಮಸ್ ನಾಟಕವಾಡಿಸಿ, ಹಳೆಯ ಸೀರೆಗಳಲ್ಲಿ ದೇವದೂತರ ನಿಲುವಂಗಿಗಳನ್ನೂ ಮಿಠಾಯಿ ಡಬ್ಬಿಗಳಲ್ಲಿ ಅರಸರ ಕಿರೀಟಗಳನ್ನೂ ಕೈಯಾರೆ ಸಿದ್ಧಪಡಿಸಿದರು.

ಮೂರು ವರ್ಷಗಳ ಹಿಂದೆ ನಾಟಕಕ್ಕೆ ಎರಡೇ ದಿನವಿರುವಾಗ ದೆಹಲಿಯ ಚಳಿಗಾಲದ ವಿಷಹೊಗೆ ದಟ್ಟವಾಗಿ ಸರ್ಕಾರ ಶಾಲೆಗಳನ್ನು ಮುಚ್ಚಿಸಿತು. ಜನವರಿಗೆ ಮುಂದೂಡಿದ್ದೇವೆಂದು ಪದ್ಮಾ ಮನೆಮನೆಗೆ ಫೋನು ಮಾಡಿದರು. ಮೇರಿಯ ಪಾತ್ರದ ಎಂಟು ವರ್ಷದ ಜೀವಿತಾ ಮಾತ್ರ ಫೋನು ಇಡಲಿಲ್ಲ.

"ಮ್ಯಾಮ್, ಪಾಪಾ ಪರಸೋಂ ವಾಪಸ್ ಜಾ ರಹೇ ಹೈಂ. ಜನವರಿಯಲ್ಲಿ ಯಾರು ನೋಡೋದು?"

ಅವಳ ತಂದೆ ಪೂಣಚ್ಚ ಗಡಿಯಲ್ಲಿದ್ದ ಸೈನಿಕರು; ರಜೆ ಮುಗಿದು ನಾಡಿದ್ದು ಹಿಂದಿರುಗುವವರಿದ್ದರು. ಮಗಳ ಒಂದು ನಾಟಕವನ್ನೂ ಕಂಡವರಲ್ಲ. ಆದೇಶವನ್ನು ಎಂದೂ ಮೀರದ ಪದ್ಮಾ ಅವರಿಗೆ ಅಂದು ಊಟ ಸೇರಲಿಲ್ಲ. ಹೊಗೆಯ ಅಪಾಯವೂ ಸುಳ್ಳಲ್ಲ. ಆದರೆ ನಾಟಕದ ಮಕ್ಕಳೆಲ್ಲ ಪದ್ಮಾ ಈಚೆಗೆ ನೆಲೆಸಿದ್ದ ಇಂದಿರಾಪುರಂನ ವಸತಿ ಟವರಿನವರೇ. ಮರುದಿನ ಬೆಳಿಗ್ಗೆ ಸೊಸೈಟಿಯ ಕಾರ್ಯದರ್ಶಿ ಜಗನ್ನಾಥರ ಬಾಗಿಲು ತಟ್ಟಿ, ನಾಟಕವಾಡಿಸಲು ಕೆಳಗಿನ ಸೊಸೈಟಿ ಹಾಲ್ ಕೇಳಿದರು.

"ಮಕ್ಕಳಿಗೆ ಏನಾದ್ರೂ ಆದ್ರೆ ಏನ್ಮಾಡ್ತೀರಿ ಮೇಡಂ?"

"ಹೊರಗೆ ಯಾರೂ ಕಾಲಿಡಲ್ಲ ಸಾರ್. ಲಿಫ್ಟಿನಲ್ಲಿ ಇಳಿದು ಹಾಲ್‌ಗೆ ಬರ್ತಾರೆ. ಕಿಟಕಿ ಮುಚ್ಚೋಣ. ಶಾಲೆಯ ಹೆಸರಲ್ಲಿ ಅಲ್ಲ, ಜವಾಬ್ದಾರಿ ನನ್ನದು."

ಜಗನ್ನಾಥರು, "ಅಚ್ಛಾ, ನಲವತ್ತು ನಿಮಿಷ," ಎಂದು ಬೀಗದಕೈ ಕೊಟ್ಟರು. ತಮ್ಮ ಮನೆಯ ಏರ್ ಪ್ಯೂರಿಫೈಯರನ್ನೂ ಹೊತ್ತು ತಂದರು.

ಸಂಜೆ ಇನ್ನೊಂದು ಕಷ್ಟ. ಮೇರಿಯನ್ನು ಹೊರುವ ಕತ್ತೆಯಾಗಬೇಕಿದ್ದ ಸುಹಾಸ್‌ಗೆ ಕೆಮ್ಮು. ಅವನ ತಾಯಿ ಕಳಿಸಲಿಲ್ಲ. ಬೂದು ಕಂಬಳಿಯನ್ನೂ ರಟ್ಟಿನ ಕಿವಿಗಳನ್ನೂ ಹಿಡಿದು ಪದ್ಮಾ ಪರದೆಯ ಹಿಂದೆ ನಿಂತಿದ್ದಾಗ, ನಾಟಕ ನೋಡಲು ಬಂದು ಕೂತಿದ್ದ ಪೂಣಚ್ಚ ಎದ್ದು ಬಂದರು.

"ನಾನಾಗ್ಬಹುದಾ ಮೇಡಂ?"

"ಡೈಲಾಗ್ ಏನೂ ಇಲ್ಲ," ಎಂದರು ಪದ್ಮಾ. "ಮೆಲ್ಲಗೆ ನಡೀಬೇಕು ಅಷ್ಟೇ."

ದೇವದೂತರು ಹಾಡುತ್ತಿದ್ದಂತೆ ಆ ಎತ್ತರದ ಆಳು ಮಂಡಿಯೂರಿ, ಮಗಳನ್ನು ಬೆನ್ನ ಮೇಲೆ ಹೊತ್ತು ಬೆತ್ಲೆಹೇಮಿಗೆ ಹೊರಟರು. ಜೀವಿತಾ ಮೇರಿಯ ಗಾಂಭೀರ್ಯವನ್ನು ಎರಡು ಹೆಜ್ಜೆಗಿಂತ ಹೆಚ್ಚು ಕಾಯಲಾರದೆ ಬಾಗಿ ತಂದೆಯ ಕೊರಳು ತಬ್ಬಿಕೊಂಡಳು. ಪದ್ಮಾ ತಿದ್ದಲಿಲ್ಲ. ಹಾಡಿನ ಕೊನೆಯ ಸಾಲನ್ನು ಮತ್ತೊಮ್ಮೆ ಹಾಡುವಂತೆ ಮಕ್ಕಳಿಗೆ ಸನ್ನೆ ಮಾಡಿದರು. ಆ ಪಯಣ ಅಷ್ಟು ಬೇಗ ಮುಗಿಯುವುದು ಅವರಿಗೆ ಬೇಡವಾಗಿತ್ತು.

ಈ ವರ್ಷ ಶಾಲೆಯಿಂದ ನಿವೃತ್ತರಾಗುವ ಪದ್ಮಾ ಅವರನ್ನು ಅದೇ ಹಾಲ್‌ನಲ್ಲಿ ಹನ್ನೊಂದು ಹೊಸ ಮಕ್ಕಳು ನಾಟಕ ಕಲಿಯಲು ಕಾದಿದ್ದಾರೆ. ಅವರ ಕಂಠಕ್ಕೂ ಕೈಗೂ ದಣಿವು ಬಾರದಿರಲಿ. ಅವರು ಹಾಡಿಸುವ ಡಿಸೆಂಬರುಗಳು ಇನ್ನೂ ಬಹಳವಿರಲಿ.