ನೀರಿನ ಲಾರಿ ನಿಂತಿದ್ದ ಜಾಗ

ಯಾರಾದರೂ ದೆವ್ವದ ಮಾತೆತ್ತಿದರೆ ನಾನು ಎದ್ದು ಹೋಗುತ್ತಿದ್ದೆ. ಹುಣಸೇಮರದಲ್ಲಿ ಕಂಡಿತು, ಕೆರೆ ಏರಿಯ ಮೇಲೆ ಕೂಗಿತು ಎನ್ನುವವರನ್ನು, "ನಿಮ್ಮ ದೆವ್ವಕ್ಕೆ ಬೇರೆ ಕೆಲಸ ಇಲ್ಲವೇ?" ಎಂದು ಹಂಗಿಸಿದ್ದೂ ಉಂಟು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಹಂಗಿಸುವ ಬಾಯಿ ನನಗೆ ಉಳಿದಿಲ್ಲ. ಯಾಕೆಂದು ಹೇಳುವುದಕ್ಕೆ ಮೊದಲು ನಾನಾಡಿದ ಒಂದು ಸುಳ್ಳನ್ನು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕು.

ಅದು ಎರಡನೇ ಮಹಾಯುದ್ಧದ ಕಾಲ. ಮದ್ದೂರಿಗೂ ಮಳವಳ್ಳಿಗೂ ನಡುವೆ ರಾಗಿ ಹೊಲಗಳನ್ನು ಮಟ್ಟ ಮಾಡಿ, ಸಣ್ಣ ವಿಮಾನಗಳು ಇಳಿಯಲೆಂದು ಒಂದು ಮಣ್ಣಿನ ಮೈದಾನ ಮಾಡಿದ್ದರು. ನಾನು ಅಲ್ಲಿ ಆಳುಗಳ ಹಾಜರಿ ಬರೆದು ಕೆಲಸ ಹಂಚುವ ಗುಮಾಸ್ತ. ಧೂಳು ಏಳದಂತೆ ನೀರು ಚಿಮುಕಿಸಲು ಒಂದು ಲಾರಿ ಇತ್ತು. ಪೆಟ್ರೋಲು ಸಿಗದ ಕಾಲವಾದ್ದರಿಂದ ಅದು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿತ್ತು. ಪಕ್ಕದಲ್ಲಿದ್ದ ಒಲೆ ಹೊತ್ತಿಸಿ, ಅರ್ಧ ಗಂಟೆ ಗಾಳಿ ಹಾಕಿದ ಮೇಲೆಯೇ ಅದು ಮಿಸುಕುವುದು. ಅದರ ಡ್ರೈವರು ಹಲಗೂರು ಕಡೆಯ ಬೋರೇಗೌಡ. ಮುತ್ತತ್ತಿರಾಯನ ಪಟವನ್ನು ಎದುರಿಗೆ ಕಟ್ಟಿಕೊಂಡು, ಲಾರಿಯನ್ನು ಮನೆಯ ಎತ್ತಿನಂತೆ ಉಜ್ಜಿ ತೊಳೆಯುತ್ತಿದ್ದ. ನನಗಿಂತ ಎರಡು ವರ್ಷ ಚಿಕ್ಕವನು. ಅವನ ಹೆಂಡತಿ ಕಟ್ಟಿಕೊಟ್ಟ ಮುದ್ದೆಯಲ್ಲಿ ನನಗೂ ಪಾಲು ಇರುತ್ತಿತ್ತು.

ಆ ವರ್ಷ ಆಯುಧಪೂಜೆಯ ದಿನ ಮೈದಾನದ ಅಂಚಿನಲ್ಲೇ ಲಾರಿ ನಿಲ್ಲಿಸಿ ಪೂಜೆ ಮಾಡಿದ. ಬೂದುಗುಂಬಳ ಒಡೆದು, ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟ. ನಮ್ಮ ಕಡೆ ಪೂಜೆಗಿಟ್ಟ ಆಯುಧವನ್ನು ಅವತ್ತು ಮುಟ್ಟುವುದಿಲ್ಲ. ಮರುದಿನ ವಿಜಯದಶಮಿಗೆ ಇನ್ನೊಮ್ಮೆ ಪೂಜೆ ಮಾಡಿ, ನಿಂಬೆಹಣ್ಣಿನ ಮೇಲೆ ಹತ್ತಿಸಿದ ಮೇಲೆಯೇ ಗಾಡಿ ಹೊರಡಬೇಕು.

ನಿಯಮದಂತೆ ಕೆಲಸ ಮುಗಿದ ಮೇಲೆ ಯಾವ ಗಾಡಿಯಾದರೂ ಮೈದಾನದ ಎಲ್ಲೆಗೆ ನೆಟ್ಟ, ಸುಣ್ಣ ಬಳಿದ ಕಲ್ಲುಗಳ ಆಚೆಗೇ ಇರಬೇಕು. ಬೋರೇಗೌಡನಿಗೂ ಅದು ಗೊತ್ತಿತ್ತು. "ಪೂಜೆ ಆದ್ಮೇಕೆ ನಾಳೆ ಗಂಟ ಚಕ್ರ ಅಳ್ಳಾಡಿಸಬಾರ್ದು ಸ್ವಾಮಿ. ಇಲ್ಲೇ ಬುಡ್ಲಾ, ಇಲ್ಲಾ ಕಲ್ಲಿನಾಚೆಗೆ ತಗ್ದು ಇನ್ನೊಂದಪ ಪೂಜೆ ಮಾಡ್ಲಾ?" ಎಂದು ನನ್ನನ್ನೇ ಕೇಳಿದ.

"ಇವತ್ತು ವಿಮಾನ ಇಲ್ಲ ಕಣೋ, ಇರಲಿ ಬಿಡು" ಎಂದೆ. ಬಾಯಲ್ಲಿ ಕಡ್ಲೆಪುರಿ ಇತ್ತು.

ಮಧ್ಯಾಹ್ನ ಇಳಿಹೊತ್ತಿಗೆ, ಯಾವ ಸುದ್ದಿಯೂ ಇಲ್ಲದೆ ಒಂದು ಪುಟ್ಟ ವಿಮಾನ ಬಂದು ಇಳಿಯಿತು. ಇಳಿದದ್ದು ಚೆನ್ನಾಗಿಯೇ ಇಳಿಯಿತು. ಆಮೇಲೆ ಷೆಡ್ಡಿನ ಕಡೆ ಮೆಲ್ಲಗೆ ಉರುಳಿಕೊಂಡು ಬರತೊಡಗಿತು. ಆ ವಿಮಾನಗಳ ಬಾಲ ನೆಲಕ್ಕೆ, ಮೂತಿ ಆಕಾಶಕ್ಕೆ. ನೆಲದ ಮೇಲೆ ಓಡುವಾಗ ನಡೆಸುವವನಿಗೆ ನೇರ ಎದುರಿಗಿರುವುದು ಕಾಣುವುದಿಲ್ಲ. ಅದು ಲಾರಿಯ ಕಡೆಗೇ ಬರುತ್ತಿತ್ತು. ಲಾರಿಯ ಒಲೆಯಲ್ಲಿ ಕಿಡಿಯೂ ಇರಲಿಲ್ಲ. ಬೋರೇಗೌಡ ಹೆಗಲ ಮೇಲಿನ ವಸ್ತ್ರ ಬೀಸುತ್ತಾ ಎದುರಿಗೆ ಓಡಿದ. ವಿಮಾನ ನಿಲ್ಲಲಿಲ್ಲ. ಮೂತಿಯಲ್ಲಿ ತಿರುಗುತ್ತಿದ್ದ ಪಂಖಕ್ಕೆ ಸಿಕ್ಕಿದ ಅವನನ್ನು ಕೆಡವಿಕೊಂಡೇ ಹೋಗಿ ಲಾರಿಯ ಮೇಲಿನ ನೀರಿನ ತೊಟ್ಟಿಗೆ ಗುದ್ದಿತು. ತೊಟ್ಟಿ ಒಡೆದು ಹರಿದ ನೀರು ಅವನ ಸುತ್ತ ಕೆಂಪಾಯಿತು. ನಾವು ಹೋಗುವಷ್ಟರಲ್ಲಿ ಉಸಿರು ಇರಲಿಲ್ಲ.

ವಿಚಾರಣೆಗೆ ಬಂದ ಅಧಿಕಾರಿ, ಲಾರಿ ಅಲ್ಲಿ ಯಾಕೆ ನಿಂತಿತ್ತು ಎಂದು ಕೇಳಿದ. ನನಗೆ ಕೆಲಸ ಹೋಗುವ ಭಯ. "ತೆಗೆಯಲು ಹೇಳಿದ್ದೆ. ಪೂಜೆ ಮಾಡಿದ್ದೇನೆ ಎಂದು ಅವನೇ ಕೇಳಲಿಲ್ಲ" ಎಂದೆ. ಹಾಗೆಯೇ ಬರೆದುಕೊಂಡರು. ತನ್ನ ಮೂಢತನದಿಂದಲೇ ಸತ್ತ ಎಂದು ಹಲಗೂರಿನವರೆಗೂ ಮಾತು ಹೋಯಿತು. ಸತ್ತವನು ಬಂದು ಇಲ್ಲ ಎನ್ನುತ್ತಾನೆಯೇ ಎಂದು ನಾನು ಧೈರ್ಯವಾಗಿದ್ದೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಲಾರಿಯ ಎಂಜಿನ್ನನ್ನು ಬಿಚ್ಚಿ ಬೇರೆಲ್ಲಿಗೋ ಸಾಗಿಸಿದರು. ಉಳಿದ ಒಡಲು ಗುದ್ದಿಸಿಕೊಂಡ ಜಾಗದಲ್ಲೇ ಒಂದು ವರ್ಷ ನಿಂತಿತ್ತು. ಅಷ್ಟರಲ್ಲಿ ವಿಮಾನಗಳು ಬರುವುದೂ ನಿಂತು, ಮೈದಾನದಲ್ಲಿ ಉಳಿದವರು ನಾನು ಮತ್ತು ಒಬ್ಬ ಮುದಿ ಕಾವಲುಗಾರ ಮಾತ್ರ.

ಮರುವರ್ಷದ ಆಯುಧಪೂಜೆ. ಹಿಂದಿನ ಸಂಜೆ ಲಾರಿ ತನ್ನ ಜಾಗದಲ್ಲೇ ಇದ್ದದ್ದನ್ನು ನೋಡಿಯೇ ನಾನು ಷೆಡ್ಡಿನ ಬಾಗಿಲು ಹಾಕಿದ್ದೆ. ಬೆಳಿಗ್ಗೆ ಬಂದರೆ, ಅದು ಸುಣ್ಣದ ಕಲ್ಲುಗಳ ಆಚೆ ನಿಂತಿತ್ತು. ಹಳೆಯ ಜಾಗದಿಂದ ಅಲ್ಲಿಯವರೆಗೂ ಧೂಳಿನಲ್ಲಿ ಚಕ್ರದ ಗುರುತು ಇತ್ತು. ಮನುಷ್ಯರ ಹೆಜ್ಜೆಯಾಗಲಿ, ಎತ್ತಿನ ಗೊರಸಾಗಲಿ ಇರಲಿಲ್ಲ. ಹಳೆಯ ಜಾಗದಲ್ಲಿ ನಾಲ್ಕು ನಿಂಬೆಹಣ್ಣು ಅಪ್ಪಚ್ಚಿಯಾಗಿ ಬಿದ್ದಿದ್ದವು. ಒಂದನ್ನು ಎತ್ತಿ ಮೂಸಿದೆ. ಆಗ ತಾನೇ ಹಿಂಡಿದ ವಾಸನೆ. ಹತ್ತಾಳು ಸೇರಿದರೂ ಕಷ್ಟಪಟ್ಟು ತಳ್ಳಬೇಕಾದ ಗಾಡಿ ಅದು.

ಹೊತ್ತೇರಿದ ಮೇಲೆ ಬೋರೇಗೌಡನ ಹೆಂಡತಿ ಬಸ್ಸಿಳಿದು ಬಂದಳು. ಅವನು ಬಿದ್ದ ಜಾಗದಲ್ಲಿ ಒಂದು ಕಾಯಿ ಒಡೆಯಬೇಕೆಂದು ಬಂದಿದ್ದಳು. ಲಾರಿ ರಾತ್ರಿ ಸರಿದದ್ದನ್ನು ಕಾವಲುಗಾರನಿಂದ ಕೇಳಿ, ಅದು ಇರುವ ಕಡೆ ನೋಡಿದಳು. ಚಕ್ರದ ಗುರುತಿನ ಪಕ್ಕದಲ್ಲೇ ನಡೆದುಹೋಗಿ, ಮುತ್ತತ್ತಿರಾಯನ ಪಟವಿದ್ದ ಜಾಗ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ನನ್ನ ಹತ್ತಿರ ಬಂದು, ಸಿಟ್ಟಿಲ್ಲದ ದನಿಯಲ್ಲಿ ಹೇಳಿದಳು:

"ನೀವು ಆಗ್ಲೇ ಏಳಿದ್ರಂತಲ್ಲ ಸ್ವಾಮಿ, ಗಾಡಿ ಆಚೆಗೆ ತಗಿ ಅಂತ. ಅವತ್ತು ಅವ್ರು ನಿಮ್ ಮಾತ ಕೇಳ್ನಿಲ್ಲ. ಈಗ ತಗ್ದವ್ರೆ, ನೋಡಿ. ತಪ್ಪಾಯ್ತು ಅಂದ್ಕಳಿ, ಮನಸ್ನಾಗೆ ಮಡಿಕಬ್ಯಾಡಿ."

ನಿಜ ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಮತ್ತೆ ಸಿಗಲಿಲ್ಲ. "ಆಗಲಮ್ಮ" ಎಂದೆ. ಅಷ್ಟೇ ಎಂದೆ. ಅವಳು ಕಾಯಿಯ ಒಂದು ಹೋಳನ್ನು ನನ್ನ ಕೈಗೆ ಕೊಟ್ಟು, ಹಲಗೂರಿನ ಬಸ್ಸಿಗೆ ಹೊತ್ತಾಯಿತೆಂದು ಹೊರಟುಹೋದಳು.

ಇಷ್ಟು ವರ್ಷ ಯೋಚಿಸಿದ್ದೇನೆ. ಯಾರೋ ತಳ್ಳಿರಬೇಕು ಎಂದುಕೊಂಡರೆ ಹೆಜ್ಜೆಗಳಿಲ್ಲ. ನೆಲ ಇಳಿಜಾರೆಂದುಕೊಂಡರೆ, ಕಲ್ಲುಗಳಿದ್ದದ್ದು ಏರಿನ ಕಡೆಗೆ. ಲಾರಿ ಹೇಗೆ ಸರಿಯಿತೋ ಹೋಗಲಿ, ಅದನ್ನು ಬಿಟ್ಟುಬಿಡಬಲ್ಲೆ. ನನಗೆ ತಿಳಿಯದಿರುವುದು ಇಷ್ಟೇ: ನಾನು ಹೇಳಲೇ ಇಲ್ಲದ ಮಾತನ್ನು ಬೋರೇಗೌಡ ಯಾಕೆ ನಡೆಸಿಕೊಟ್ಟ?